ಗ್ಯಾಸ್ ಹೋಗಿರಲಿಲ್ಲ: ಬನಹಟ್ಟಿಯ ಒಂದು ವಿಂಡೋ ಎಸಿ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳದ ಓಣಿ ಸಿಗುವುದು ಕಷ್ಟ. ಈ ಪ್ರಕರಣದ ಮನೆಯವರದೂ ನೇಕಾರಿಕೆಯೇ. ಹಿರಿಯರು ಕೈಮಗ್ಗ ನಡೆಸಿದವರು, ಈಗ ಮಗ ಪವರ್‌ಲೂಮ್ ನೋಡಿಕೊಳ್ಳುತ್ತಾನೆ. ಹಿರಿಯರಿಗೆ ದಮ್ಮಿನ ತೊಂದರೆ ಇದೆ, ಕೂಲರಿನ ತೇವದ ಗಾಳಿ ಒಗ್ಗುವುದಿಲ್ಲ. ಅದಕ್ಕೆಂದೇ ಅವರು ಮಲಗುವ ಕೋಣೆಗೆ ಒಂದೂವರೆ ಟನ್ನಿನ ವಿಂಡೋ ಎಸಿ ಹಾಕಿಸಿದ್ದಾರೆ. ಎಸಿಯ ಮುಖ ಕೋಣೆಗೆ, ಬೆನ್ನು ಓಣಿಗೆ. ಓಣಿಯ ಆಚೆ ಬದಿಗೆ, ನಾಲ್ಕು ಮಾರು ದೂರದಲ್ಲಿ, ಮಗ್ಗದ ಶೆಡ್ಡಿನ ಕಿಟಕಿಗಳು.

ಮೇ ತಿಂಗಳ ಎರಡನೇ ವಾರ ಅವರಿಂದ ಫೋನ್ ಬಂತು. ಹೊರಗೆ 40 ಡಿಗ್ರಿ ದಾಟಿತ್ತು. ಮನೆಯ ಸೊಸೆ (ನಾನು ವೈನಿ ಎಂದು ಕರೆಯುವವರು) ಹೇಳಿದ ಮಾತನ್ನು ಇಲ್ಲಿ ಹಾಗೇ ಕೊಡುತ್ತೇನೆ, ಯಾಕೆಂದರೆ ಅರ್ಧ ರೋಗ ಅದರಲ್ಲೇ ಗೊತ್ತಾಗುತ್ತದೆ.

"ಫಿಲ್ಟರ್ ವಾರಕ್ಕೊಮ್ಮೆ ನಾನೇ ತೊಳಿತೀನ್ರಿ ಅಣ್ಣಾರ. ಆದ್ರೂ ಮಧ್ಯಾಹ್ನ ಬರೇ ಫ್ಯಾನ್ ಗಾಳಿ ಬರತೈತಿ. ಒಳಗ ಟಕ್ ಅಂತ ಸಪ್ಪಳ ಆಗತೈತಿ, ಆಮ್ಯಾಲ ತಂಪು ಇಲ್ಲ. ರಾತ್ರಿ ಹನ್ನೆರಡರ ಮ್ಯಾಲ ಛಲೋ ನಡೀತೈತಿ. ಈಗ ಒಳಗ ನೀರು ಬ್ಯಾರೆ ಸೋರಾಕ ಹತ್ತೈತಿ. ಹೋದ ವರ್ಷ ಗ್ಯಾಸ್ ಹಾಕಸೀವ್ರಿ, ಮತ್ತ ಹೋತೇನು?"

ಹಿಂದಿನ ವರ್ಷ ಬಂದ ಮೆಕ್ಯಾನಿಕ್ ಮುಂದಿನ ಜಾಲರಿ ತೆಗೆದು ನೋಡಿ, ಗ್ಯಾಸ್ ಕಡಿಮೆಯಾಗಿದೆ ಎಂದು ಹೇಳಿ ತುಂಬಿ ಹೋಗಿದ್ದರು. ಆ ಮೇಲೆ ಎಸಿ ಛಲೋ ನಡೆದದ್ದೂ ನಿಜ. ಯಾವಾಗ ತುಂಬಿಸಿದಿರಿ ಎಂದು ಕೇಳಿದೆ. ಜೂನ್ ಕೊನೆಗೆ, ಮಳೆ ಹಿಡಿದ ಮೇಲೆ. ಹೊರಗಿನ ಗಾಳಿಯೇ ಹತ್ತು ಡಿಗ್ರಿ ಇಳಿದಾಗ ಉಸಿರುಗಟ್ಟಿದ ಎಸಿ ಕೂಡ ಸುಧಾರಿಸಿಕೊಳ್ಳುತ್ತದೆ. ಮಳೆ ಮಾಡಿದ ಕೆಲಸದ ಹೆಸರು ಗ್ಯಾಸಿಗೆ ಬಂದಿತ್ತು.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ವಿಂಡೋ ಎಸಿಯ ಗ್ಯಾಸ್ ಕೊಳವೆಗಳನ್ನು ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಬೈಕಿನ ಪೆಟ್ರೋಲಿನ ಹಾಗೆ ಅದು ಉಪಯೋಗಿಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಎಲ್ಲೋ ತೂತಾಗಿದ್ದರೆ ಮಾತ್ರ ಹೋಗುತ್ತದೆ. ತೂತು ಹುಡುಕದೆ ಗ್ಯಾಸ್ ತುಂಬಿದರೆ ರೊಕ್ಕ ಹೋಗುವುದಷ್ಟೇ ಅಲ್ಲ, ತುಂಬಲು ಕೊಳವೆಗೆ ಹೊಸ ಜೋಡಣೆ ಹಾಕಬೇಕಾಗುತ್ತದೆ, ಮುಂದೆ ಸೋರುವುದಕ್ಕೆ ಅದೇ ಜಾಗವಾಗುತ್ತದೆ. ಬಿಸಿಯನ್ನು ಹೊರಹಾಕುವ ಕೊಳವೆಸುರುಳಿ, ಅಂದರೆ ಕಾಯಿಲ್, ಕಸದಿಂದ ಕಟ್ಟಿಕೊಂಡಿರುವಾಗ ಹೆಚ್ಚಿಗೆ ಗ್ಯಾಸ್ ಹಾಕಿದರಂತೂ ಒತ್ತಡ ಇನ್ನೂ ಏರಿ, ಗ್ಯಾಸನ್ನು ಒತ್ತಿ ತಿರುಗಿಸುವ ಕಂಪ್ರೆಸರಿಗೆ ಪೆಟ್ಟು.

ಅಳತೆ ಏನು ಹೇಳಿತು

ಮಧ್ಯಾಹ್ನ ಎರಡೂವರೆಗೆ ಹೋದೆ, ಬೇಕೆಂದೇ. ರೋಗ ಕಾಣಿಸಿಕೊಳ್ಳುವ ಹೊತ್ತಿನಲ್ಲೇ ನೋಡಬೇಕು.

ಮೊದಲು ವೋಲ್ಟೇಜ್. ಸುತ್ತ ಮಗ್ಗಗಳು ನಡೆಯುವಾಗ ಕರೆಂಟ್ ಕುಸಿದು ಕಂಪ್ರೆಸರ್ ನಿಲ್ಲುವುದುಂಟು. ಎಸಿ ನಡೆಯುತ್ತಿರುವಾಗಲೇ ಪ್ಲಗ್ಗಿನಲ್ಲಿ ಅಳೆದೆ, 218. ತೊಂದರೆ ಅಲ್ಲಿಲ್ಲ.

ಆಮೇಲೆ ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಚ್ಚಿದೆ. ಎಸಿಯ ಮೈಮೇಲಿನ ಪಟ್ಟಿಯಲ್ಲಿ 7.8 ಅಂಪಿಯರ್ ಎಂದಿತ್ತು. ಚಾಲೂ ಆಗಿ ಸ್ವಲ್ಪ ಹೊತ್ತಿಗೆ ಮೀಟರ್ 9 ತೋರಿಸಿತು, ಏರುತ್ತ ಏರುತ್ತ 10.4 ಮುಟ್ಟಿ, ಟಕ್. ಕಂಪ್ರೆಸರ್ ನಿಂತಿತು, ಫ್ಯಾನ್ ಮಾತ್ರ ತಿರುಗುತ್ತಿತ್ತು. ವೈನಿ ಹೇಳಿದ ಸಪ್ಪಳ ಇದೇ. ಕಂಪ್ರೆಸರಿನ ತಲೆಯ ಮೇಲಿರುವ ರಕ್ಷಣೆಯ ಸ್ವಿಚ್ಚಾದ ಓವರ್‌ಲೋಡ್ ಅದನ್ನು ಸುಡದಂತೆ ಬಿಡಿಸಿ, ಆರಿದ ಮೇಲೆ ಮತ್ತೆ ಕೂಡಿಸುತ್ತದೆ. ನಿಲ್ಲುವ ಮುಂಚೆ ಎಸಿ ಒಳಗೆ ಎಳೆದುಕೊಳ್ಳುವ ಗಾಳಿ 33 ಡಿಗ್ರಿ, ಹೊರಬಿಡುವ ಗಾಳಿ 26. ಆ ಅಂತರ ಹತ್ತು, ಹನ್ನೆರಡರ ಆಸುಪಾಸು ಇರಬೇಕಿತ್ತು.

ಗ್ಯಾಸ್ ಕಡಿಮೆ ಇದ್ದರೆ ಕಂಪ್ರೆಸರಿಗೆ ಕೆಲಸವೇ ಕಡಿಮೆ, ಅಂಪಿಯರ್ ಇಳಿಯುತ್ತದೆ. ಮುಂದಿನ ಕೂಲಿಂಗ್ ಕಾಯಿಲಿನ ಒಂದು ಭಾಗ ಮಾತ್ರ ತಂಪಾಗಿ, ಕೆಲವೊಮ್ಮೆ ಹಿಮ ಕಟ್ಟಿ, ಉಳಿದದ್ದು ಬಿಸಿಯಾಗೇ ಇರುತ್ತದೆ. ಫಿಲ್ಟರ್ ಅಥವಾ ಕೂಲಿಂಗ್ ಕಾಯಿಲ್ ಕಟ್ಟಿದ್ದರೆ ಗಾಳಿ ತಂಪಾಗೇ ಬರುತ್ತದೆ, ಆದರೆ ಜೋರಿರುವುದಿಲ್ಲ. ಇಲ್ಲಿ ಗಾಳಿಯ ಜೋರು ಇತ್ತು, ಕಾಯಿಲ್ ಮೈಯೆಲ್ಲ ಒಂದೇ ಸಮ ಇತ್ತು, ಅಂಪಿಯರ್ ಏರುತ್ತಿತ್ತು. ಮೂರೂ ಬೆರಳು ಮಾಡಿದ್ದು ಹಿಂದಿನ ಕಂಡೆನ್ಸರ್ ಕಾಯಿಲಿನ ಕಡೆಗೆ. ಕೋಣೆಯ ಬಿಸಿಯನ್ನು ಹೊತ್ತು ತಂದು ಅದು ಓಣಿಗೆ ಚೆಲ್ಲಬೇಕು, ಚೆಲ್ಲಲಾಗುತ್ತಿಲ್ಲ.

ಮಗ ಆಗಲೇ ಓಣಿಗೆ ಹೋಗಿ ಬೆನ್ನು ನೋಡಿ ಬಂದಿದ್ದ. "ಹಿಂದ ಎಲ್ಲಾ ಸ್ವಚ್ಛ ಐತ್ರಿ, ಫಿನ್ ಪಳಪಳ ಅನ್ನಾಕತ್ತಾವು." ಫಿನ್ ಎಂದರೆ ಕಾಯಿಲಿನ ಕೊಳವೆಗೆ ಒತ್ತಾಗಿ ಕೂಡಿಸಿದ ತೆಳು ತಗಡಿನ ಎಲೆಗಳು. ಅವನು ಹೇಳಿದ್ದು ಸರಿಯೇ ಇತ್ತು. ಹೊರಗಿನಿಂದ ನೋಡಿದರೆ ಕಾಯಿಲ್ ಹೊಸದರಂತಿತ್ತು.

ಎಷ್ಟೋ ಮನೆಗಳಲ್ಲಿ ತನಿಖೆ ನಿಲ್ಲುವುದು ಇಲ್ಲಿಗೇ. ವಿಂಡೋ ಎಸಿಯಲ್ಲಿ ಹಿಂದಿನ ಫ್ಯಾನ್ ಹೊರಗಿನ ಗಾಳಿಯನ್ನು ಎರಡೂ ಪಕ್ಕದ ಸೀಳುಗಳಿಂದ ಒಳಗೆ ಎಳೆದು, ಕಾಯಿಲಿನ ಮೂಲಕ ಹೊರಗೆ ದಬ್ಬುತ್ತದೆ. ಅಂದರೆ ಗಾಳಿ ಕಾಯಿಲನ್ನು ಮುಟ್ಟುವುದು ಒಳಮೈಯಿಂದ. ಕಸ ಕಟ್ಟುವುದೂ ಒಳಮೈಗೇ. ಓಣಿಯಲ್ಲಿ ನಿಂತವರಿಗೆ ಕಾಣುವುದು ಗಾಳಿ ಹೊರಬೀಳುವ ಮುಖ, ಅದು ಹೆಚ್ಚಾಗಿ ಸ್ವಚ್ಛವಾಗೇ ಕಾಣುತ್ತದೆ. ಈ ಕೋಣೆಯ ಫಿಲ್ಟರನ್ನು ವೈನಿ ದಿನಕ್ಕೊಮ್ಮೆ ತೊಳೆದಿದ್ದರೂ ಹಿಂದಿನ ಕಾಯಿಲಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಆ ಗಾಳಿಯ ದಾರಿಯೇ ಬೇರೆ, ಅಲ್ಲಿ ಫಿಲ್ಟರೂ ಇಲ್ಲ.

ಹೊರಗೆ ಎಳೆದದ್ದು

ಮರುದಿನ ಬೆಳಿಗ್ಗೆ ಕೆಲಸ ಹಿಡಿದೆವು. ಮನೆಯ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ ಪ್ಲಗ್ ಕಿತ್ತು, ಪ್ಲಗ್ಗನ್ನು ಕಣ್ಣಿಗೆ ಕಾಣುವಂತೆ ಮಂಚದ ಮೇಲೆ ಇಟ್ಟೆ. ಮನೆಯಲ್ಲಿ ಮಕ್ಕಳಿದ್ದರೆ ಸ್ವಿಚ್ ಆರಿಸಿದ್ದೇವೆ ಎಂಬ ಭರವಸೆ ಸಾಲದು. ಮುಂದಿನ ಜಾಲರಿ, ಅದರ ಹಿಂದಿನ ಸ್ಕ್ರೂಗಳು, ಅರ್ತ್ ತಂತಿ ಬಿಚ್ಚಿದ ಮೇಲೆ ಡಬ್ಬಿಯೊಳಗಿನ ಇಡೀ ಯಂತ್ರ ಮುಂದಕ್ಕೆ ಜಾರಿ ಬರುತ್ತದೆ. ಎಲ್ಲ ಮಾಡೆಲ್ ಹೀಗಿರುವುದಿಲ್ಲ, ಕೆಲವನ್ನು ಡಬ್ಬಿ ಸಮೇತ ಇಳಿಸಬೇಕು. ಒಂದೂವರೆ ಟನ್ನಿನದು 50 ಕಿಲೋ ಆಚೀಚೆ ತೂಗುತ್ತದೆ, ಭಾರವೆಲ್ಲ ಕಂಪ್ರೆಸರ್ ಇರುವ ಒಂದೇ ಬದಿಗೆ. ಕಿಟಕಿಯ ಮಟ್ಟಕ್ಕೆ ಕಟ್ಟಿಗೆಯ ಬೆಂಚು ಇಟ್ಟು ಅದರ ಮೇಲೆ ಎಳೆದುಕೊಂಡೆವು. ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಹಿಡಿಯುವಾಗ ತಳದ ತಗಡನ್ನು ಹಿಡಿಯಬೇಕು, ತಾಮ್ರದ ಕೊಳವೆಯನ್ನಲ್ಲ. ಕಂಪ್ರೆಸರ್ ನಿಂತ ಹಾಗೇ ಇರಬೇಕು, ಮಲಗಿಸಬಾರದು.

ಮೇಲಿನ ತಗಡು ಬಿಚ್ಚುತ್ತಲೇ ಕೆಪಾಸಿಟರ್ ಕಾಣುತ್ತದೆ, ಸಣ್ಣ ಡಬ್ಬಿಯಂಥದ್ದು. ಪ್ಲಗ್ ಕಿತ್ತ ಮೇಲೂ ಅದು ಹೊಡೆತ ಕೊಡುವಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ರೆಸಿಸ್ಟರ್ ಹಚ್ಚಿ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ನಾನು ಮಗನಿಗೆ ಹತ್ತಿರ ಬರಲು ಬಿಟ್ಟೆ. ಮನೆಮಂದಿ ತಾವಾಗಿ ಮಾಡುವ ಸ್ವಚ್ಛತೆ ಈ ತಗಡಿನ ಈಚೆಗೇ ನಿಲ್ಲಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫಿಲ್ಟರ್, ಮುಂದಿನ ಜಾಲರಿ, ಕೂಲಿಂಗ್ ಕಾಯಿಲಿನ ಮುಖ, ಪಕ್ಕದ ಸೀಳುಗಳು, ಇಷ್ಟು ಅವರ ಕೈಯಲ್ಲಿ. ಒಳಗಿನದಕ್ಕೆ ಕೆಲಸ ಬಲ್ಲವರೊಬ್ಬರು ಜೊತೆಗಿರಲಿ.

ಫ್ಯಾನ್ ಸುತ್ತಲಿನ ತಗಡಿನ ಹೊದಿಕೆ ಎತ್ತಿದೆವು. ಮಗ ಮಾತಾಡಲಿಲ್ಲ. ಕಾಯಿಲಿನ ಒಳಮೈಯಲ್ಲಿ ಒಂದೇ ಒಂದು ಫಿನ್ ಕಾಣುತ್ತಿರಲಿಲ್ಲ. ಬೂದುಬಣ್ಣದ ಕಂಬಳಿ ಹೊದಿಸಿದಂತಿತ್ತು. ಮೂಲೆಯಲ್ಲಿ ಉಗುರು ಹಾಕಿ ಎಳೆದರೆ ಅಂಗೈ ಅಗಲದ ತುಂಡು ಸುಲಿದು ಬಂತು. ಬೆಳಕಿಗೆ ಹಿಡಿದಾಗ ಅದರಲ್ಲಿ ಕೆಂಪು, ಹಸಿರು, ಹಳದಿ ಎಳೆಗಳು. ಹಿರಿಯರು ಅದನ್ನು ಇಸಿದುಕೊಂಡು ಬೆರಳ ನಡುವೆ ತಿಕ್ಕಿದರು. "ತಮ್ಮಾ, ಇದು ನೂಲಿನ ಧೂಳು ಅಷ್ಟಽ ಅಲ್ಲ. ಗಂಜಿ ಐತಿ ಇದರಾಗ."

ಅವರು ಹೇಳಿದ ಮೇಲೆ ನನಗೆ ಉಳಿದದ್ದು ಅರ್ಥವಾಯಿತು. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳಿಗೆ, ಗಂಜಿ ಹಾಕಿರುತ್ತಾರೆ, ಮಗ್ಗ ನಡೆಯುವಾಗ ಅದು ಪುಡಿಯಾಗಿ ಎಳೆಗಳ ಜೊತೆ ಹಾರುತ್ತದೆ. ವಿಂಡೋ ಎಸಿಯ ಹಿಂದಿನ ಫ್ಯಾನಿಗೆ ಸುತ್ತಲೂ ಒಂದು ಬಳೆ ಇರುತ್ತದೆ. ಕೋಣೆಯ ಗಾಳಿಯಿಂದ ಇಳಿದ ನೀರು ತಳದ ತಗಡಿಗೆ ಹರಿದು ಬಂದಾಗ ಆ ಬಳೆ ನೀರನ್ನು ಎತ್ತಿ ಬಿಸಿ ಕಾಯಿಲಿಗೆ ಚಿಮ್ಮಿಸುತ್ತದೆ, ಕಾಯಿಲ್ ಬೇಗ ಆರಲೆಂದು. ಒಳ್ಳೆಯ ವ್ಯವಸ್ಥೆ. ಆದರೆ ಇಲ್ಲಿ ಎಳೆಯ ಮೇಲೆ ಗಂಜಿಪುಡಿ, ಗಂಜಿಯ ಮೇಲೆ ನೀರು, ಮೇಲಿನಿಂದ ಕಾಯಿಲಿನ ಬಿಸಿ. ಪದರದ ಮೇಲೆ ಪದರ ಅಂಟಿ ಒಣಗಿತ್ತು. ಬಯಲಲ್ಲಿರುವ ಮನೆಯ ಎಸಿಯಲ್ಲಿ ಬರೀ ಮಣ್ಣು ಕೂರುತ್ತದೆ, ನೀರು ಬಿಟ್ಟರೆ ಇಳಿಯುತ್ತದೆ. ಇದು ಹಾಗೆ ಇಳಿಯುವ ಕಸವಲ್ಲ.

ತಳದ ತಗಡಿನಲ್ಲಿ ಅದೇ ಕಸ ಕೆಸರಾಗಿ, ಮುಂದಿನಿಂದ ಹಿಂದಕ್ಕೆ ನೀರು ಹರಿಯುವ ಸಣ್ಣ ಕಾಲುವೆಯನ್ನು ಮುಚ್ಚಿತ್ತು. ಹಿಂದಕ್ಕೆ ಹೋಗಲಾರದ ನೀರು ಕೋಣೆಗೆ ಸೋರುತ್ತಿತ್ತು. ಆ ದೂರಿಗೂ ಕಾರಣ ಸಿಕ್ಕಿತು.

"ಬೈಕ್ ತೊಳಿಯೋ ಪಂಪ್ ತರ್ಲೇನ್ರಿ?" ಅಂದ ಮಗ. ಬೇಡವೆಂದೆ. ಅಲ್ಯುಮಿನಿಯಂ ಫಿನ್ ಕಾಗದದಷ್ಟು ತೆಳ್ಳಗಿರುತ್ತವೆ, ಆ ಜೋರಿಗೆ ಮಡಚಿ ಒಂದಕ್ಕೊಂದು ಅಂಟಿಬಿಡುತ್ತವೆ. ನೀರನ್ನೇ ಆಗ ಮುಟ್ಟಲಿಲ್ಲ. ಎಳೆಗೆ ನೀರು ತಾಗಿದರೆ ಅದು ಗಟ್ಟಿಯಾಗಿ ಫಿನ್‌ಗಳ ಸಂದಿಗೆ ಇಳಿಯುತ್ತದೆ, ಆಮೇಲೆ ದೇವರೇ ಬರಬೇಕು. ಒಣಗಿದ್ದಾಗಲೇ ಬಣ್ಣ ಹಚ್ಚುವ ಮೆತ್ತನೆ ಬ್ರಷ್ಷಿನಿಂದ, ಫಿನ್ ನಿಂತಿರುವ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ ಎಳೆದೆವು. ಅಡ್ಡಡ್ಡ ಒಮ್ಮೆ ಎಳೆದರೂ ಫಿನ್ ಮಲಗುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆವು, ಹಿರಿಯರನ್ನು ಒಳಗೆ ಕಳಿಸಿದ್ದೆವು. ಒಂದು ಬುಟ್ಟಿ ತುಂಬಿತು.

ಅದಾದ ಮೇಲೆ ನೀರಿನ ಕೆಲಸ. ಫ್ಯಾನ್ ಮೋಟರ್, ಕೆಪಾಸಿಟರ್, ಸ್ವಿಚ್ಚಿನ ಭಾಗಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿದೆವು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬೆರೆಸಿ, ಗಿಡಕ್ಕೆ ಸಿಂಪಡಿಸುವ ಕೈಪಂಪಿನಿಂದ ಒಳಮೈಗೆ ಹೊಡೆದು ನೆನೆಯಲು ಬಿಟ್ಟೆವು. ಗಂಜಿ ನೆನೆದು ಸಡಿಲವಾಗಲು ಹೊತ್ತು ಬೇಕು, ಅವಸರ ಮಾಡಬಾರದು. ಆಮೇಲೆ ಓಣಿಯ ಬದಿಯ ಮುಖದಿಂದ ಒಳಕ್ಕೆ ಸಣ್ಣ ಧಾರೆ ಬಿಟ್ಟೆವು. ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ನೀರು ಬಂದರೆ ಕಸ ಬಂದ ದಾರಿಯಲ್ಲೇ ಹೊರಬೀಳುತ್ತದೆ, ಒಳಗಿನಿಂದ ಹೊಡೆದರೆ ಸಂದಿಯಲ್ಲಿ ಇನ್ನೂ ಆಳಕ್ಕೆ ಕೂರುತ್ತದೆ. ಬೂದು ನೀರು, ನಂತರ ಹಾಲಿನಂಥ ನೀರು, ಕೊನೆಗೆ ತಿಳಿನೀರು. ಕಡೆಯ ಸಲ ಬೋರಿನ ಸವಳು ನೀರು ಬೇಡವೆಂದು ಕುಡಿಯುವ ನಳದ ನೀರನ್ನೇ ಬಳಸಿದೆವು. ಸವಳು ನೀರು ಆರಿದ ಮೇಲೆ ಫಿನ್ ಮೇಲೆ ಬಿಳಿ ಉಪ್ಪು ಬಿಟ್ಟು ಹೋಗುತ್ತದೆ.

ಸೋಡಾದ ಮಾತು ಇಲ್ಲೇ ಬರಬೇಕು. ನೇಕಾರರ ಮನೆಯಲ್ಲಿ ಬಣ್ಣದ ಕೆಲಸಕ್ಕೆಂದು ಸೋಡಾ ಇರುವುದುಂಟು. ಎರಡು ವರ್ಷದ ಹಿಂದೆ ಯಾರದೋ ಮಾತು ಕೇಳಿ ಮುಂದಿನ ಕಾಯಿಲಿಗೆ ಸೋಡಾನೀರು ಹೊಡೆದಿದ್ದರಂತೆ. ಕೆಳಗಿನ ಎಡಮೂಲೆಯಲ್ಲಿ ಫಿನ್ ಬೆಳ್ಳಗೆ ಪುಡಿಪುಡಿಯಾಗಿದ್ದವು. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ, ಟಾಯ್ಲೆಟ್ ತೊಳೆಯುವ ಆ್ಯಸಿಡ್, ಬ್ಲೀಚಿಂಗ್, ಇವೆಲ್ಲ ಅಲ್ಯುಮಿನಿಯಂ ತಿನ್ನುತ್ತವೆ. ತಿಂದದ್ದನ್ನು ಸರಿಮಾಡುವ ಮದ್ದಿಲ್ಲ.

ಮುಂದಿನ ಕಾಯಿಲಿಗೆ ಮೆತ್ತನೆ ಬ್ರಷ್ ಮತ್ತು ಅದೇ ಸಾಬೂನಿನ ನೀರು ಸಾಕಾಯಿತು. ವೈನಿಯ ಫಿಲ್ಟರ್ ತೊಳೆಯುವಿಕೆ ಅದನ್ನು ಕಾಪಾಡಿತ್ತು. ಅದರ ಎದುರಿಗಿದ್ದ ತಾಪಮಾನ ಹಿಡಿಯುವ ಸಣ್ಣ ನಳಿಗೆ ಎಲ್ಲಿತ್ತೋ ಅಲ್ಲೇ ಮರಳಿ ಕೂರಿಸಿದೆ. ಅದು ಕಾಯಿಲಿಗೆ ತಾಗಿದರೆ ಎಸಿ ಕೋಣೆ ತಂಪಾಯಿತೆಂದು ತಿಳಿದು ಬೇಗ ನಿಂತುಬಿಡುತ್ತದೆ. ಎಸಿಯ ಗಾಳಿಗೆ ಒಂದು ವಾಸನೆಯೂ ಇತ್ತು. ಅದು ಬರುತ್ತಿದ್ದದ್ದು ಕೋಣೆಗೆ ಗಾಳಿ ದಬ್ಬುವ ಬ್ಲೋವರ್ ಚಕ್ರದ ಎಲೆಗಳಿಂದ, ಅವಕ್ಕೆ ಕರಿಯ ಜಿಗುಟು ಹಿಡಿದಿತ್ತು. ವೈನಿ ಹಳೆಯ ಹಲ್ಲುಜ್ಜುವ ಬ್ರಷ್ ತಂದು ಎಲೆ ಎಲೆಯನ್ನೂ ಉಜ್ಜಿದರು.

ಬಾಗಿದ ಫಿನ್ ಉಳಿದಿದ್ದವು. ಫಿನ್ ನೆಟ್ಟಗೆ ಮಾಡುವ ನನ್ನ ಬಾಚಣಿಗೆಯ ಹಲ್ಲು ಈ ಕಾಯಿಲಿಗೆ ಕೂಡುತ್ತಿರಲಿಲ್ಲ. ಧೂಳಿನ ಕೆಲಸ ಮುಗಿದಿತ್ತಾದ್ದರಿಂದ ಹಿರಿಯರು ಹೊರಗೆ ಬಂದು ಕುರ್ಚಿ ಎಳೆದುಕೊಂಡರು. ಕಟ್ಟೆಯ ಮೇಲಿದ್ದ ಮುರಿದ ಹಣಿಗೆಯಿಂದ (ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥದ್ದು) ಒಂದು ಉಕ್ಕಿನ ಕಡ್ಡಿ ಕಿತ್ತು, ಅದರ ಚಪ್ಪಟೆ ಮೈಯನ್ನು ಎರಡು ಫಿನ್‌ಗಳ ನಡುವೆ ತೂರಿಸಿ, ಒಂದಿಷ್ಟೇ ಹೊರಳಿಸಿ, ಮುಂದಿನದಕ್ಕೆ ಹೋದರು. ಒಂದೂ ಹರಿಯಲಿಲ್ಲ. ಹಣಿಗೆಯಲ್ಲಿ ಸಾವಿರಾರು ಎಳೆ ಪೋಣಿಸಿದ ಕೈ ಅದು, ಎಷ್ಟು ಒತ್ತಬೇಕೆಂದು ಅದಕ್ಕೆ ಗೊತ್ತು. ನಾನು ನನ್ನ ಕೆಲಸ ಬಿಟ್ಟು ನೋಡುತ್ತ ಕೂತೆ.

ಮಧ್ಯಾಹ್ನದವರೆಗೆ ಬಿಸಿಲಲ್ಲಿ ಆರಿಸಿ, ಹಳೆಯ ಗ್ಯಾಸ್ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ನೋಡಿದೆ. ಗುಳ್ಳೆ ಏಳಲಿಲ್ಲ, ಸುತ್ತಲೂ ಎಣ್ಣೆಯ ಕಲೆ ಇರಲಿಲ್ಲ. ಮರಳಿ ಕೂರಿಸುವಾಗ ಹಿಂದಿನ ಬದಿಯನ್ನು ಒಂದು ಕೂದಲು ತಗ್ಗಿಸಿದೆವು, ನೀರು ಓಣಿಯ ಕಡೆಗೆ ಹೋಗಲೆಂದು. ಸುತ್ತಲ ಸಂದಿಗೆ ಹೊಸ ಸ್ಪಂಜಿನ ಪಟ್ಟಿ. ಮುಂದಿರುವ ಹೊರಗಾಳಿಯ ಗುಂಡಿ ತೆರೆದೇ ಇತ್ತು, ಅದನ್ನು ಮುಚ್ಚಿದೆ. ಅದು ತೆರೆದಿದ್ದರೆ ತಂಪಾದ ಗಾಳಿಯ ಒಂದು ಪಾಲು ಓಣಿಗೆ ಹೋಗುತ್ತದೆ.

ಮೂರು ಗಂಟೆಗೆ ಚಾಲೂ ಮಾಡಿದೆವು. ಹೊರಗೆ 41. ಅಂಪಿಯರ್ 8.3ಕ್ಕೆ ಬಂದು ನಿಂತಿತು. ಪಟ್ಟಿಯ ಮೇಲಿನ 7.8 ಹೊರಗೆ 35 ಡಿಗ್ರಿ ಇರುವಾಗಿನ ಲೆಕ್ಕ, ಹಾಗಾಗಿ ಈ ಬಿಸಿಲಿಗೆ 8.3 ಸರಿಯಾದ ಅಂಕಿ. ಒಳಗೆ ಹೋಗುವ ಗಾಳಿ 31, ಬರುವ ಗಾಳಿ 19. ಸಂಜೆಯವರೆಗೆ ಓವರ್‌ಲೋಡ್ ಒಮ್ಮೆಯೂ ಬಿಡಿಸಲಿಲ್ಲ. ಗ್ಯಾಸನ್ನು ಮುಟ್ಟಲೇ ಇಲ್ಲ.

ರಿಮೋಟಿನಲ್ಲಿ 16 ಇತ್ತು, 25ಕ್ಕೆ ಏರಿಸಿದೆ. 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎನ್ನುವುದು ಸುಳ್ಳು, ನಿಲ್ಲದೆ ನಡೆಯುತ್ತದೆ ಅಷ್ಟೇ. 2020ರಿಂದ ನಮ್ಮ ದೇಶದಲ್ಲಿ ಬರುವ ಎಸಿಗಳು ಚಾಲೂ ಮಾಡಿದಾಗ ತಾವಾಗಿಯೇ 24 ಡಿಗ್ರಿಗೆ ಹೊಂದಿಕೊಂಡಿರಬೇಕೆಂಬ ನಿಯಮ ಬಂದಿದೆ.

ಎದುರಿನ ಶೆಡ್ಡು

ಎಳೆ ಎಲ್ಲಿಂದ ಬರುತ್ತದೆ ಎನ್ನುವುದು ಗೊತ್ತಿತ್ತು, ಇಷ್ಟೊಂದು ಯಾಕೆ ಎನ್ನುವುದು ಗೊತ್ತಿರಲಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಓಣಿಯಲ್ಲಿ ನಿಂತಾಗ ತಿಳಿಯಿತು. ಎದುರಿನ ಶೆಡ್ಡಿನಲ್ಲಿ ಮಗ್ಗಗಳ ಮೈಮೇಲಿನ ಧೂಳನ್ನು ಗಾಳಿಪೈಪಿನಿಂದ ಹೊಡೆದು ಕೆಡವುತ್ತಾರೆ, ಆಗ ಓಣಿಯ ಕಡೆಯ ಕಿಟಕಿಗಳೆಲ್ಲ ತೆರೆದಿರುತ್ತವೆ. ಅದೇ ಹೊತ್ತಿಗೆ ಇಲ್ಲಿ ಹಿರಿಯರು ಎಸಿ ಹಾಕಿಕೊಂಡಿರುತ್ತಾರೆ.

ಹಿಂದಿನಿಂದ ಹಳೆ ಸೀರೆ ಕಟ್ಟೋಣವೇ ಎಂದು ವೈನಿ ಕೇಳಿದರು. ಅದರಿಂದ ಮತ್ತೆ ಗಾಳಿ ಕಟ್ಟುತ್ತದೆ, ಅಂಪಿಯರ್ ಮತ್ತೆ ಏರುತ್ತದೆ. ಹಿರಿಯರು ಶೆಡ್ಡಿನವರ ಹತ್ತಿರ ತಾವೇ ಹೋಗಿ ಮಾತಾಡಿದರು, ಒಂದೇ ಓಣಿಯವರು, ಒಂದೇ ಕಸುಬಿನವರು. ಧೂಳು ಹೊಡೆಯುವಾಗ ಈ ಕಡೆಯ ಕಿಟಕಿ ಮುಚ್ಚಲು ಅವರು ಒಪ್ಪಿದರು, ಇವರು ಅಷ್ಟು ಹೊತ್ತು ಎಸಿ ಆರಿಸಲು ಒಪ್ಪಿದರು. ಪಕ್ಕದ ಸೀಳುಗಳನ್ನು ಮಗ ವಾರಕ್ಕೊಮ್ಮೆ, ಎಸಿ ಬಂದ್ ಇರುವಾಗ, ಒಣ ಬ್ರಷ್ಷಿನಿಂದ ಗುಡಿಸುತ್ತಾನೆ.

ಮುಂದಿನ ಫೆಬ್ರವರಿಯಲ್ಲಿ, ಬಿಸಿಲು ಏರುವ ಮುಂಚೆ, ಮತ್ತೆ ಎಳೆದು ನೋಡಿದೆವು. ಒಳಮೈಯಲ್ಲಿ ತೆಳು ಪದರವಿತ್ತು, ಫಿನ್ ಕಾಣುತ್ತಿದ್ದವು. ಒಣ ಬ್ರಷ್ ಸಾಕಾಯಿತು, ನೀರು ಬೇಕಾಗಲಿಲ್ಲ. ತಳದ ಕಾಲುವೆ ತೆರೆದಿತ್ತು. ಸೋಡಾ ತಿಂದ ಮೂಲೆ ಹಾಗೇ ಇದೆ, ಅಲ್ಲಿ ಕೊಳವೆಗೆ ಇನ್ನೂ ಪೆಟ್ಟಾಗಿಲ್ಲ, ವರ್ಷಕ್ಕೊಮ್ಮೆ ಕಣ್ಣಿಡಬೇಕು.

ಮೇಲಿನ ತಗಡಿನ ಒಳಬದಿಗೆ ಮಗ ಮಾರ್ಕರಿನಿಂದ ಬರೆದಿಟ್ಟಿದ್ದಾನೆ: ತೊಳೆದ ತಾರೀಖು, ಹೊರಗಿನ ತಾಪಮಾನ, ಅಂಪಿಯರ್, ಗಾಳಿ ಒಳಗೆ ಹೋಗುವಾಗ ಎಷ್ಟು, ಬರುವಾಗ ಎಷ್ಟು. ನಾನಿರಲಿ, ಬೇರೆ ಯಾರೇ ಇರಲಿ, ಈ ಎಸಿಗೆ ಕೈ ಹಾಕುವವರು ಮೊದಲು ಆ ಸಾಲು ಓದಿ, ತಮ್ಮ ಮೀಟರ್ ಹಚ್ಚಿ, ಅದರ ಕೆಳಗೆ ತಮ್ಮ ಸಾಲು ಬರೆಯಬೇಕು.